ಕಾವಾಸಾಕಿಗೆ ಬಂದ ಗಿರೀಶ

ಈಶ್ವರನಿಗೆ ಜಪಾನೀ ಭಾಷೆ ನೀರು ಕುಡಿದಷ್ಟು ಸಲೀಸು ಎಂಬ ನಂಬಿಕೆ ಕಾವಾಸಾಕಿಯ ಕನ್ನಡಿಗರಲ್ಲಿ ಬೇರೂರಿತ್ತು. ಅದನ್ನು ನೆಟ್ಟು ನೀರೆರೆದವನು ಸ್ವತಃ ಈಶ್ವರನೇ. ಒಂಬತ್ತು ವರ್ಷ ಅದೇ ಊರಿನಲ್ಲಿದ್ದು, ವಾಲ್ವುಗಳ ಡ್ರಾಯಿಂಗ್ ತಿದ್ದುವ ಅದೇ ಆಫೀಸಿನಲ್ಲಿ ಕೆಲಸ ಮಾಡಿ ಅವನು ಕಲಿತ ಜಪಾನಿಯಲ್ಲಿ ಗಟ್ಟಿಯಾದ ಪದಗಳು ಮೂರು: ಹಾಯ್, ದಾಯ್‌ಜೋಬು, ಸುಮಿಮಾಸೆನ್. ಅಂದರೆ ಹೌದು, ಪರವಾಗಿಲ್ಲ, ಕ್ಷಮಿಸಿ. ಈ ಮೂರನ್ನು ಸರದಿಯ ಮೇಲೆ ಬಿಡುತ್ತಾ ತಲೆ ಬಾಗಿಸುತ್ತಿದ್ದರೆ ಆ ದೇಶದಲ್ಲಿ ಮನುಷ್ಯ ನಿವೃತ್ತಿಯವರೆಗೂ ನೆಮ್ಮದಿಯಾಗಿ ಬದುಕಬಹುದು. ಆಸ್ಪತ್ರೆ, ವಾರ್ಡ್ ಆಫೀಸು ಎಂದು ನಿಜವಾದ ಮಾತು ಬೇಕಾದ ಕಡೆ ಹತ್ತು ವರ್ಷದ ಮಗಳು ಶ್ರಾವ್ಯಾ ಮುಂದೆ ನಿಂತು ಮಾತಾಡುತ್ತಿದ್ದಳು. ಇವನು ಹಿಂದೆ ನಿಂತು, ತಾನೇ ಹೇಳಿಕೊಟ್ಟವನ ಹಾಗೆ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಆ ಮಗಳೀಗ ಬೆಂಗಳೂರಿನಲ್ಲಿದ್ದಳು. 2021ರ ಏಪ್ರಿಲ್ ಮೊದಲ ವಾರ, ತನ್ನ ತಂಗಿಯ ಸೀಮಂತಕ್ಕೆಂದು ಹೆಂಡತಿ ಜಲಜಾ ಅವಳನ್ನು ಕರೆದುಕೊಂಡು ರಾಜಾಜಿನಗರಕ್ಕೆ ಹೋದಳು. ಮೂರು ವಾರದ ಮಾತು. ಅಷ್ಟರಲ್ಲಿ ಅಲ್ಲಿ ಎರಡನೇ ಅಲೆ ಎದ್ದಿತು. ಇಲ್ಲಿ ಜಪಾನು ಭಾರತದಿಂದ ಬರುವವರಿಗೆ, ಮನೆ ಮಠ ವೀಸಾ ಎಲ್ಲ ಇದ್ದವರಿಗೂ, ಬಾಗಿಲು ಹಾಕಿಕೊಂಡಿತು. ತಂಗಿಗೆ ಹೆರಿಗೆಯೂ ಆಗಿ, ಮಗುವಿಗೆ ಹೆಸರೂ ಇಟ್ಟಾಯಿತು. ಜಲಜಾ ಮಾತ್ರ ಕಟ್ಟಿದ ಸೂಟ್‌ಕೇಸಿನ ಪಕ್ಕದಲ್ಲೇ ಕುಳಿತಿದ್ದಳು.

ಇತ್ತ ಈಶ್ವರ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ. ಆಫೀಸು ಮನೆಯಿಂದಲೇ. ವಾಟ್ಸಾಪಿನಲ್ಲಿ ದಿನಾ ಬೆಳಗಾದರೆ ಊರಿನಲ್ಲಿ ಯಾರಾದರೊಬ್ಬರು ಹೋದ ಸುದ್ದಿ. ಸಕ್ಕರೆ ಕಾಯಿಲೆಯ ಮನುಷ್ಯ ಮೂರು ಹೊತ್ತೂ, ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಅನ್ನದುಂಡೆ ತಿಂದುಕೊಂಡಿದ್ದ. ಕೆಲವು ದಿನ ಸಂಜೆಯವರೆಗೂ ಬಾಯಿಂದ ಒಂದು ಮಾತೂ ಹೊರಡದೆ, ಗಂಟಲು ಸರಿಯಿದೆಯೋ ಇಲ್ಲವೋ ನೋಡಲು ಫ್ರಿಜ್ಜಿಗೆ "ನಮಸ್ಕಾರ" ಹೇಳುತ್ತಿದ್ದ. ಜಲಜಾಳಿಗೆ ಇದ್ದ ಭಯ ಒಂದೇ. "ರೀ, ನಿಮಗೇನಾದ್ರೂ ಆದ್ರೆ ಬಾಗಿಲು ತಟ್ಟೋರೂ ಇಲ್ವಲ್ರೀ" ಎಂದು ಪ್ರತಿ ಸಂಜೆಯೂ ಅಳುತ್ತಿದ್ದಳು. ಅವಳಿಗೆ ನಿದ್ದೆ ಬಂದು ಎರಡು ತಿಂಗಳಾಗಿತ್ತು.

ಹೀಗಿರುವಾಗ ಜುಲೈ ತಿಂಗಳ ಒಂದು ಬೆಳಿಗ್ಗೆ ಕಸ ಹಾಕಲು ಹೋದವನನ್ನು ಕೆಳಮನೆಯ ಹಿರೋಸೆ-ಸಾನ್ ತಡೆದು ನಿಲ್ಲಿಸಿದರು. ಎಪ್ಪತ್ತೆಂಟು ವರ್ಷದ ಮುದುಕರು. ಶ್ರಾವ್ಯಾ ಸೇರಿ ಸುತ್ತಲಿನ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಹೇಳಿಕೊಡುತ್ತಿದ್ದ ಸೆನ್ಸೆಯ್, ಅಂದರೆ ಮೇಷ್ಟ್ರು. ಸಾಂಕ್ರಾಮಿಕ ಬಂದ ಮೇಲೆ ಆ ಶಾಲೆಯ ಬಾಗಿಲು ತೆರೆದಿರಲಿಲ್ಲ. ಕಾಗೆ ಕೆದಕದಿರಲೆಂದು ಕಸದ ಮೇಲೆ ಹೊದಿಸಿದ ಬಲೆಯ ಪಕ್ಕದಲ್ಲಿ ನಿಂತು, ಸೊಂಟದವರೆಗೂ ಬಾಗಿ, ಅವರು ಉದ್ದಕ್ಕೆ ಏನೋ ಹೇಳಿದರು. ಈಶ್ವರ ನಡುನಡುವೆ "ಹಾಯ್, ಹಾಯ್" ಎಂದ. ಅವನಿಗೆ ಹಿಡಿದಿಡಲು ಸಿಕ್ಕಿದ್ದು ನಾಲ್ಕೇ ಪದ: ಆಸ್ಪತ್ರೆ, ಗಿರಿಶಾ, ಹಿತೊರಿ, ಒನೆಗಾಯ್ ಶಿಮಾಸು.

ಆಸ್ಪತ್ರೆ ಗೊತ್ತು. ಒನೆಗಾಯ್ ಶಿಮಾಸು ಎಂದರೆ ದಯವಿಟ್ಟು. ಹಿತೊರಿ ಎಂದರೆ ಒಬ್ಬನೇ. ಏಪ್ರಿಲಿನಿಂದ ಈಚೆಗೆ ಆ ಪದದ ಅರ್ಥವನ್ನು ಅವನಷ್ಟು ಬಲ್ಲವರು ಕಾವಾಸಾಕಿಯಲ್ಲಿ ಇರಲಿಲ್ಲ. ಇನ್ನು ಗಿರಿಶಾ. ಅದು ಯಾವ ಕನ್ನಡಿಗನಿಗೆ ತಿಳಿಯುವುದಿಲ್ಲ? ಗಿರೀಶ! ಯಾರೋ ನಮ್ಮವನು. ಆಸ್ಪತ್ರೆಯಿಂದ ಬಂದಿದ್ದಾನೋ ಏನೋ, ಪಾಪ, ಒಬ್ಬನೇ ಇದ್ದಾನೆ, ಸ್ವಲ್ಪ ದಿನ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ ಮುದುಕರು.

"ಗಿರೀಶ? ಹಾಯ್! ದಾಯ್‌ಜೋಬು! ದಾಯ್‌ಜೋಬು!" ಎಂದು ಈಶ್ವರ ಅವರಿಗಿಂತ ಕೆಳಗೆ ಬಾಗಿದ. ಮುದುಕರ ಕಣ್ಣಲ್ಲಿ ನೀರು ಬಂತು. ಇವನ ಕಣ್ಣಲ್ಲೂ ಬಂತು. ಭಾಷೆ ಗೊತ್ತಿದ್ದರೆ ಎಷ್ಟು ಉಪಕಾರ ಮಾಡಬಹುದು ಎಂದು ಹೆಮ್ಮೆಪಡುತ್ತಾ ಮೇಲೆ ಹತ್ತಿದ.

ಅಂದು ಸಂಜೆ ಜಲಜಾಳಿಗೆ ಸುದ್ದಿ ಹೇಳಿದ. ಫೋನಿನಲ್ಲಿ ಅವಳು ಎರಡು ಕೈ ಜೋಡಿಸಿದಳು. "ಸದ್ಯ! ದೇವರು ದೊಡ್ಡೋನು ಕಣ್ರೀ. ಈಶ್ವರ ಅಂದ್ರೂ ಗಿರೀಶ ಅಂದ್ರೂ ಒಂದೇ ಹೆಸರು, ನೋಡಿ. ಜೊತೆಗೊಬ್ರು ಇದ್ರೆ ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡ್ತೀರ." ಮರುದಿನ ಶ್ರಾವ್ಯಾ ಗುಟ್ಟಾಗಿ ಮೆಸೇಜು ಹಾಕಿದಳು: ಅಮ್ಮ ನಿನ್ನೆ ಫುಲ್ ನೈಟ್ ಮಲಗಿದಳು ಅಪ್ಪಾ.

ಮುದುಕರು ಬೆರಳು ಮಡಿಸಿ ತೋರಿಸಿದ್ದ ದಿನ, ಮಂಗಳವಾರ ಬೆಳಿಗ್ಗೆ, ಈಶ್ವರ ಬೇಗ ಎದ್ದ. ತಿಂಗಳುಗಳ ಮೇಲೆ ಮೊದಲ ಸಲ ಬೇಳೆ ಬೇಯಿಸಿ ಬಿಸಿಬೇಳೆ ಭಾತು ಮಾಡಿದ. ಹಾಸಿಗೆ ಕೊಡವಿ ಹಾಸಿದ. ಮಾತಾಡಲು ವಿಷಯಗಳೆಷ್ಟಿವೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡ, ಹದಿನಾಲ್ಕು ಆಯಿತು. ಹತ್ತು ಗಂಟೆಗೆ ಬೆಲ್ಲಾಯಿತು. ಬಾಗಿಲಲ್ಲಿ ಇಬ್ಬರು ಸಾಗಣೆಯವರು, ಕಂಬಳಿ ಸುತ್ತಿ ಹಗ್ಗ ಬಿಗಿದ ಐದಡಿ ಎತ್ತರದ ಸಾಮಾನೊಂದನ್ನು ಹೊತ್ತು ನಿಂತಿದ್ದರು. ಅದರ ಚೀಟಿಯಲ್ಲಿ ಸುಲಭದ ಲಿಪಿಯಲ್ಲಿ ಗಿ-ರಿ-ಶಾ ಎಂದು ಇತ್ತು. ಮುಂದೆ ಅವನಿಗೆ ಓದಲು ಬಾರದ ಮೂರು ಚಿತ್ರಾಕ್ಷರ. ಗಿರೀಶನ ಮನೆತನದ ಹೆಸರಿರಬೇಕು ಎಂದುಕೊಂಡ. ಸ್ವಂತ ಫ್ರಿಜ್ಜು ಮುಂಚಿತವಾಗಿ ಕಳಿಸಿದ್ದಾನೆ, ಎಷ್ಟು ಸಂಕೋಚದ ಮನುಷ್ಯ ಎಂದು ಮೆಚ್ಚಿ ಸಹಿ ಹಾಕಿದ.

ಹನ್ನೆರಡಾಯಿತು. ಎರಡಾಯಿತು. ಭಾತು ತಣ್ಣಗಾಗಿ ಗಟ್ಟಿಯಾಯಿತು. ಕೆಳಗೆ ಹೋಗಿ ನೋಡಿದರೆ ಹಿರೋಸೆ-ಸಾನ್ ಮನೆಗೆ ಬೀಗ. ನಾಲ್ಕು ಗಂಟೆಗೆ, ಫ್ರಿಜ್ಜಿಗೆ ಕರೆಂಟಾದರೂ ಕೊಡೋಣ, ಒಳಗೆ ಏನಾದರೂ ಕೆಟ್ಟೀತು ಎಂದು ಕಂಬಳಿ ಬಿಚ್ಚಿದ.

ಒಳಗಿದ್ದವನು ಬೆತ್ತಲೆಯಾಗಿದ್ದ. ಸುಣ್ಣದಷ್ಟು ಬಿಳಿ. ಬಿಲ್ಲಿನ ಹಾಗೆ ಬಾಗಿ, ಬಲಗೈಯನ್ನು ಹಿಂದಕ್ಕೆತ್ತಿ ಒಂದು ತಟ್ಟೆ ಹಿಡಿದಿದ್ದ. ಈಶ್ವರ ಮೊದಲು ಮಾಡಿದ ಕೆಲಸ ಕಿಟಕಿಯ ಪರದೆ ಎಳೆದದ್ದು. ಎರಡನೆಯದು, ಫೋನಿನ ನಿಘಂಟಿನಲ್ಲಿ ಗಿರಿಶಾ ಎಂದು ಹುಡುಕಿದ್ದು. ಗಿರಿಶಾ ಎಂದರೆ ಜಪಾನಿಯಲ್ಲಿ ಗ್ರೀಸ್ ದೇಶ. ಮುಂದಿನ ಚಿತ್ರಾಕ್ಷರಗಳ ಫೋಟೋ ಹಿಡಿದರೆ ಅದು ಹೇಳಿತು: ಚಕ್ರ ಎಸೆತ.

ಕಾಲ ಬುಡಕ್ಕೆ ಕಟ್ಟಿದ್ದ ಲಕೋಟೆಯಲ್ಲಿ ಹಿರೋಸೆ-ಸಾನ್ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಬರೆದ ಕಾಗದವಿತ್ತು. ಅದರ ಸಾರಾಂಶ ಇಷ್ಟು: ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಸಿನ ಶಿಲ್ಪಿ ಈ ಆಟಗಾರನನ್ನು ಕಂಚಿನಲ್ಲಿ ಮಾಡಿದ. ಅದು ಕಳೆದುಹೋಯಿತು. ರೋಮಿನವರು ಕಲ್ಲಿನಲ್ಲಿ ನಕಲು ಮಾಡಿಕೊಂಡಿದ್ದರು. ಕಂಚು ಒಂಟಿಯಾಗಿ ನಿಲ್ಲುತ್ತದೆ, ಕಲ್ಲಿಗೆ ಆ ಶಕ್ತಿ ಇಲ್ಲ, ಕಾಲು ಮುರಿಯುತ್ತದೆ. ಆದ್ದರಿಂದ ಅವರು ಕಾಲಿನ ಪಕ್ಕ ಒಂದು ಮರದ ಬೊಡ್ಡೆ ಸೇರಿಸಿದರು. ಇದು ಆ ನಕಲಿನ ನಕಲು, ಪ್ಲಾಸ್ಟರಿನದು. ದಯವಿಟ್ಟು ಬೊಡ್ಡೆಯನ್ನು ತೆಗೆಯಬೇಡಿ. ನನಗೆ ಹೊಟ್ಟೆಯ ಆಪರೇಷನ್ ಇದೆ, ಎರಡು ವಾರದಲ್ಲಿ ಬರುತ್ತೇನೆ. ಮನೆಯಲ್ಲಿ ಗಿರಿಶಾ ಒಬ್ಬನೇ ಆಗುತ್ತಾನೆ. ನೀವು ಒಪ್ಪಿದಿರಿ. ಧನ್ಯವಾದ.

ಈಶ್ವರ ತಲೆ ಮೇಲೆ ಕೈ ಹೊತ್ತು ಕುಳಿತ. ಹದಿನಾಲ್ಕು ವಿಷಯದ ಚೀಟಿ ಜೇಬಿನಲ್ಲೇ ಉಳಿಯಿತು. ನಗು ಬರಬೇಕಾಗಿತ್ತು, ಬರಲಿಲ್ಲ. ಕನ್ನಡದಲ್ಲಿ ನಾಲ್ಕು ಮಾತಾಡುವ ಆಸೆ ಎಷ್ಟು ದೊಡ್ಡದಾಗಿ ಬೆಳೆದುಬಿಟ್ಟಿತ್ತೆಂದು ಅವನಿಗೆ ಆಗಲೇ ಗೊತ್ತಾದದ್ದು. ಅಷ್ಟರಲ್ಲಿ ಜಲಜಾಳ ಫೋನು.

"ಬಂದ್ರೇನ್ರೀ ಗಿರೀಶ ಅವ್ರು?"

ನಡೆದದ್ದನ್ನು ಹೇಳಿಬಿಡಬೇಕೆಂದೇ ಅವನು ಬಾಯಿ ತೆರೆದ. ಪರದೆಯಲ್ಲಿ ಅವಳ ಮುಖ ನೋಡಿದ. ತಲೆ ಬಾಚಿಕೊಂಡಿದ್ದಳು. ಕಣ್ಣಿನ ಕೆಳಗಿನ ಕಪ್ಪು ಒಂದಿಷ್ಟು ಇಳಿದಿತ್ತು.

"ಬಂದ್ರು" ಎಂದ ಈಶ್ವರ.

"ಊಟ ಆಯ್ತಾ ಅವರದ್ದು?"

"ಬಡಿಸಿದೀನಿ."

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮುಂದಿನ ಮೂರು ವಾರಗಳಲ್ಲಿ ಈಶ್ವರ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಮಹಾಯುದ್ಧಗಳು ಸುಳ್ಳಿನಿಂದ ಆದವು ಎನ್ನುತ್ತಾರೆ. ಈ ಅನಾಹುತ ಪೂರಾ ನಿಜಗಳಿಂದಲೇ ಆಯಿತು. ನಾಲ್ಕನೇ ದಿನ ಜಲಜಾಳ ಚಿಕ್ಕಮ್ಮ ಕಾತ್ಯಾಯಿನಿ ಮಲ್ಲೇಶ್ವರದಿಂದ ಫೋನು ಮಾಡಿದರು. ಅವರ ಮಗಳು ಸಂಜನಾಳಿಗೆ ಗಂಡು ಹುಡುಕುತ್ತಿದ್ದರು. ಎರಡು ಅಲೆಗಳಲ್ಲಿ ಎರಡು ಸಂಬಂಧ ತಪ್ಪಿಹೋಗಿತ್ತು.

"ಈಶ್ವರ, ಆ ಹುಡುಗ ಯಾವ ಕಡೆಯೋನಪ್ಪ?"

"ಪಶ್ಚಿಮದ ಕಡೆಯೋರು ಚಿಕ್ಕಮ್ಮ. ಸಮುದ್ರದ ಹತ್ರ."

"ಮಂಗಳೂರಾ?"

"ಇನ್ನೂ ಸ್ವಲ್ಪ ಆಚೆ."

"ಉಡುಪಿ ಇರ್ಬೇಕು ಬಿಡು. ನೋಡೋಕೆ?"

"ಒಳ್ಳೆ ಮೈಕಟ್ಟು. ಬಿಳಿ ಬಣ್ಣ. ಗುಂಗುರು ಕೂದಲು."

"ಕುಡಿಯೋದು ಗಿಡಿಯೋದು?"

"ಬಂದಾಗಿನಿಂದ ಒಂದು ಲೋಟ ನೀರೂ ಮುಟ್ಟಿಲ್ಲ."

"ಅಯ್ಯೋ, ಎಷ್ಟು ಮರ್ಯಾದಸ್ಥ! ಕೆಲಸ ಏನು, ಪರ್ಮನೆಂಟಾ?"

"ಸ್ಪೋರ್ಟ್ಸು ಚಿಕ್ಕಮ್ಮ. ಪರ್ಮನೆಂಟ್ ಅಂದ್ರೆ ಪರ್ಮನೆಂಟು. ಒಂದೇ ಪೊಸಿಷನ್‌ನಲ್ಲಿ ಇದಾರೆ."

"ಒಂದು ಫೋಟೋ ಕಳ್ಸಪ್ಪ ಮತ್ತೆ."

"ಈಗ ಬಟ್ಟೆ ಹಾಕಿಲ್ಲ, ಚಿಕ್ಕಮ್ಮ."

ಚಿಕ್ಕಮ್ಮ ನಾಚಿ ಫೋನಿಟ್ಟರು. ಸಂಜೆಯೊಳಗೆ ಅವರು ಉಡುಪಿಯಲ್ಲಿ ಗೊತ್ತಿದ್ದವರಿಗೆಲ್ಲ, ಜಪಾನಿನಲ್ಲಿರುವ ಸ್ಪೋರ್ಟ್ಸ್ ಕೋಟಾದ ಗಿರೀಶ ಯಾರ ಮಗ ಎಂದು ವಿಚಾರಿಸಿದ್ದರು. ಅಂಥ ಹುಡುಗನನ್ನು ತಾವು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ್ದೇವೆ ಎಂದು ಇಬ್ಬರು ಒಪ್ಪಿಕೊಂಡರಂತೆ.

ಈಶ್ವರ ಮಾತ್ರ ದಿನಾ ಎರಡು ತಟ್ಟೆ ಹಾಕಿಕೊಂಡು ಊಟಕ್ಕೆ ಕುಳಿತುಕೊಳ್ಳುತ್ತಿದ್ದ. ಮೊದಲು ಅದು ಜಲಜಾ ಕೇಳಿದಾಗ "ಬಡಿಸಿದೀನಿ" ಎಂದು ನಿಜ ಹೇಳುವುದಕ್ಕೆ. ಆಮೇಲೆ ಅದೇ ಅಭ್ಯಾಸವಾಯಿತು. ಇಬ್ಬರಿಗೆಂದು ಮಾಡಿದ್ದನ್ನು ಮರುದಿನ ತಾನೇ ಬಿಸಿ ಮಾಡಿ ತಿನ್ನುತ್ತಿದ್ದ. ಹಾಗಾಗಿ ಕೊಂಬಿನಿಯ ಅನ್ನದುಂಡೆ ತಪ್ಪಿ, ಸಕ್ಕರೆ ಹತೋಟಿಗೆ ಬಂತು. ಹದಿನಾಲ್ಕು ವಿಷಯಗಳನ್ನೂ ಒಂದೊಂದಾಗಿ ಗಿರೀಶನ ಮುಂದೆ ತೆಗೆದ. ಗಿರೀಶನ ಬೆನ್ನು, ತೊಡೆ, ಪಕ್ಕೆಲುಬು ಎಲ್ಲವೂ ನೋವಿನಿಂದ ತಿರುಚಿಕೊಂಡಿದ್ದವು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಜಪಾನಿನ ಯಾವ ಆಫೀಸಿನಲ್ಲಾದರೂ ಬಡ್ತಿ ಸಿಗುವಂಥ ಮುಖ ಅದು. ಎರಡೂವರೆ ಸಾವಿರ ವರ್ಷದಿಂದ ಈಗ ಎಸೆಯುತ್ತೇನೆ, ಈಗ ಎಸೆಯುತ್ತೇನೆ ಎಂದು ನಿಂತವನನ್ನು ನೋಡುತ್ತಾ ಈಶ್ವರನಿಗೆ, ಸೂಟ್‌ಕೇಸಿನ ಪಕ್ಕ ಕುಳಿತ ಜಲಜಾ ನೆನಪಾಗುತ್ತಿದ್ದಳು.

ಆ ಹೊತ್ತಿಗೆ ಒಲಿಂಪಿಕ್ಸ್ ಶುರುವಾಯಿತು. ಪ್ರೇಕ್ಷಕರಿಲ್ಲದ ಮೈದಾನ, ಖಾಲಿ ಕುರ್ಚಿಗಳ ಮುಂದೆ ಓಟ. ಇನ್ನೂರು ದೇಶದ ಆಟಗಾರರು ವಿಮಾನದಲ್ಲಿ ಬಂದಿಳಿದರು. ತನ್ನ ಮನೆಗೆ ತಾನು ಬರಲು ಜಲಜಾಳಿಗೆ ಮಾತ್ರ ಆಗಲಿಲ್ಲ. "ನಾನೂ ಒಂದು ಈಟಿ ಹಿಡ್ಕೊಂಡು ಬಂದ್ರೆ ಬಿಡ್ತಾರಾ ಕೇಳ್ರಿ" ಎಂದಳು ಒಂದು ದಿನ. ತಮಾಷೆಗೆ ಹೇಳಿದ್ದು, ಆದರೆ ಇಬ್ಬರೂ ನಗಲಿಲ್ಲ.

ಆಟಗಾರರು ತಮ್ಮ ಶಿಬಿರ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಹಾಗಿರುವಾಗ ಈಶ್ವರನ ಮನೆಯ ಪರದೆಯ ಮೇಲೆ ಸಂಜೆ ದೀಪ ಹಾಕಿದ ಕೂಡಲೇ ಚಕ್ರ ಹಿಡಿದ ಗಟ್ಟಿಮುಟ್ಟಾದ ಆಳಿನ ನೆರಳು ಬೀಳತೊಡಗಿತು. ಎದುರು ಮನೆಯ ಅಜ್ಜಿ ಅದನ್ನು ಎರಡು ಸಂಜೆ ನೋಡಿ, ಮೂರನೇ ದಿನ ಕಟ್ಟಡದ ಮೇಲ್ವಿಚಾರಕ ಕಿಮುರಾ-ಸಾನ್‌ಗೆ ತಿಳಿಸಿದಳು. ಕಿಮುರಾ-ಸಾನ್ ಬಂದು ಬಾಗಿಲಾಚೆ ನಿಂತು ಬಾಗಿ, ಒಳಗೆ ಇನ್ನೊಬ್ಬರು ಇದ್ದಾರೆಯೇ, ಮಾಸ್ಕ್ ಇಲ್ಲವೇ, ಬಟ್ಟೆಯೂ ಇಲ್ಲವೇ ಎಂದು ಮೂರು ಪ್ರಶ್ನೆ ಕೇಳಿದರು. ಈಶ್ವರನಿಗೆ ಮಾಸ್ಕ್ ಎಂಬುದೊಂದು ತಿಳಿಯಿತು. "ಹಾಯ್, ಹಾಯ್, ಸುಮಿಮಾಸೆನ್" ಎಂದ. ಅಂದೇ ಗಿರೀಶನ ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಾಕಿ, ಹೇಗೂ ಕೈ ಹಾಕಿದ್ದಾಯಿತಲ್ಲ ಎಂದು, ಸೊಂಟಕ್ಕೆ ತನ್ನ ಕೆಂಪಂಚಿನ ಪಂಚೆಯನ್ನೂ ಉಡಿಸಿದ. ಈಗ ನೋಡಿದರೆ ಗಿರೀಶ ನಿಜಕ್ಕೂ ಉಡುಪಿಯವನ ಹಾಗೆಯೇ ಕಂಡ.

ಇಷ್ಟಾದರೂ ಏನೂ ಆಗುತ್ತಿರಲಿಲ್ಲ, ಶ್ರೀನಾಥ ಒಬ್ಬ ಇಲ್ಲದಿದ್ದರೆ. ಶ್ರೀನಾಥ ಜಲಜಾಳ ಅಣ್ಣ. ಶಿನಾಗಾವಾದಲ್ಲಿ ಐಟಿ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಇರುವವನು, ಜಪಾನಿಯರಿಗೇ ಶಿಸ್ತು ಕಲಿಸುವಂಥವನು, ಸಾಂಕ್ರಾಮಿಕ ಬಂದಾಗಿನಿಂದ ಮನೆಯ ಹೊಸ್ತಿಲು ದಾಟದವನು. ಜಲಜಾಳನ್ನು ವಿಶೇಷ ಪರಿಸ್ಥಿತಿಯ ಮೇಲೆ ಒಳಗೆ ಬಿಡಿ ಎಂಬ ಅರ್ಜಿ ಬರೆದವನು ಅವನೇ. ಗಂಡ ಸಕ್ಕರೆ ಕಾಯಿಲೆಯವನು, ಒಬ್ಬನೇ ಇದ್ದಾನೆ, ಒಂದು ಲೋಟ ನೀರು ಕೊಡುವವರಿಲ್ಲ ಎಂದು ಬರೆದಿದ್ದ. ಅದರ ಮೇಲೆಯೇ ಅವಳ ಬರುವಿಕೆ ನಿಂತಿತ್ತು. ಆಗಸ್ಟ್ ಮೊದಲ ವಾರ ಶ್ರೀನಾಥ ಫೋನು ಮಾಡಿದ.

"ಈಶ್ವರ್, ಅಪ್ಲಿಕೇಶನ್ ಹೋಲ್ಡ್ ಮಾಡಿದಾರೆ."

"ಯಾಕೆ ಭಾವ?"

"ಗಿರೀಶ್ ನಿಮ್ಮ ಜೊತೆ ಇದಾರಲ್ಲ, ಅದನ್ನ ನಾನು ಸಪ್ಲಿಮೆಂಟರಿ ಲೆಟರ್‌ನಲ್ಲಿ ಡಿಕ್ಲೇರ್ ಮಾಡಿದ್ದೆ. ಕಂಡೀಷನ್ ಚೇಂಜ್ ಆದ್ರೆ ಹೇಳ್ಬೇಕು. ಜಪಾನ್‌ನಲ್ಲಿ ಒಂದಕ್ಷರ ಮುಚ್ಚಿಡೋ ಹಾಗಿಲ್ಲ, ಗೊತ್ತಲ್ವಾ? ನೋಡ್ಕೊಳ್ಳೋರು ಇದಾರೆ ಅಂದ್ಮೇಲೆ ವಿಶೇಷ ಪರಿಸ್ಥಿತಿ ಎಲ್ಲಿ ಬಂತು ಅಂತಾರೆ. ಲಾಜಿಕಲಿ ಕರೆಕ್ಟೇ."

ಈಶ್ವರ ಒಳಕೋಣೆಯ ಗಿರೀಶನ ಕಡೆ ತಿರುಗಿದ. ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು.

ಕಿಮುರಾ-ಸಾನ್ ಮುಂದೆ, ಹಿಂದೆ ನೀಲಿ ಕಡತ ಹಿಡಿದ ಇಬ್ಬರು ಅಧಿಕಾರಿಗಳು, ಅವರ ಹಿಂದೆ ಒಬ್ಬ ಪೊಲೀಸು. ಎಲ್ಲರೂ ಒಟ್ಟಿಗೆ ಬಾಗಿದರು. ಶ್ರೀನಾಥ ತನ್ನ ಕಾಗದದಲ್ಲಿ ಗಿರೀಶನ ಹೆಸರನ್ನು ಬರೆದದ್ದು ಜಪಾನೀ ಲಿಪಿಯಲ್ಲಿ. ಓದಿದವರಿಗೆ ಅರ್ಥವಾದದ್ದು ಗ್ರೀಸ್. ಕಿಮುರಾ-ಸಾನ್ ಹೇಳಿದ್ದು ಚಕ್ರ ಹಿಡಿದ ಆಳಿನ ಸಂಗತಿ. ಎರಡನ್ನೂ ಕೂಡಿಸಿದರೆ, ಒಲಿಂಪಿಕ್ಸ್ ಶಿಬಿರದಿಂದ ತಪ್ಪಿಸಿಕೊಂಡ ಗ್ರೀಸಿನ ಆಟಗಾರ ಎಂಬ ಮೊತ್ತ ಬರುತ್ತಿತ್ತು. ಈಶ್ವರ ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಎತ್ತಿ ಹಿಡಿದ. ಶಿನಾಗಾವಾದಿಂದ ಶ್ರೀನಾಥ ಅನುವಾದಿಸತೊಡಗಿದ.

"ಗ್ರೀಸಿನ ಆಟಗಾರರು ಇಲ್ಲಿ ಇದಾರಾ ಅಂತ ಕೇಳ್ತಿದಾರೆ. ಏನಿದು ಈಶ್ವರ್?"

"ಹಾಯ್" ಎಂದ ಈಶ್ವರ ನೇರವಾಗಿ ಅಧಿಕಾರಿಗಳಿಗೆ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಎಷ್ಟು ದಿನದಿಂದ?"

"ಮೂರು ವಾರ."

"ಪಿಸಿಆರ್ ಟೆಸ್ಟ್ ಆಗಿದ್ಯಾ?"

"ಇಲ್ಲ."

ಎಲ್ಲರೂ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ಅಧಿಕಾರಿ ಕೈಗವಸು ಹಾಕಿಕೊಂಡ. ಪೊಲೀಸಿನವನು ಬೂಟು ಬಿಚ್ಚಿ, ಅದನ್ನು ಬಾಗಿಲ ಕಡೆಗೆ ತಿರುಗಿಸಿ ನೀಟಾಗಿ ಜೋಡಿಸಿ, ಒಳಕೋಣೆಗೆ ಹೊಕ್ಕ. ಅಲ್ಲಿ ಗಿರೀಶ ಪಂಚೆ ಉಟ್ಟು, ಮಾಸ್ಕ್ ಹಾಕಿಕೊಂಡು, ಚಕ್ರವನ್ನು ಎತ್ತಿ ಸಿದ್ಧನಾಗಿ ನಿಂತಿದ್ದ. ಪೊಲೀಸಿನವನು ಒಂದು ಕೈ ಮುಂದೆ ಚಾಚಿ, ಬಹಳ ಗೌರವದ ಜಪಾನಿಯಲ್ಲಿ ಏನೋ ಹೇಳಿದ.

"ತಮಗೆ ತೊಂದರೆ ಆಗದಿದ್ರೆ ಕೈಲಿರೋದನ್ನ ಕೆಳಗಿಡಿ ಅಂತಿದಾರೆ" ಎಂದಿತು ಫೋನು.

ಗಿರೀಶ ಇಡಲಿಲ್ಲ. ಪೊಲೀಸಿನವನು ಇನ್ನಷ್ಟು ಗೌರವದಿಂದ ಕೇಳಿದ. ಮೂರನೇ ಸಲ ಇಂಗ್ಲಿಷಿನಲ್ಲಿ "ಪ್ಲೀಸ್" ಎಂದ. ಕೊನೆಗೆ ಹಿರಿಯ ಅಧಿಕಾರಿ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ, ಗಿರೀಶನ ಭುಜಕ್ಕೆ ಬೆರಳಿನಿಂದ ಟಕ್ ಟಕ್ ಎಂದು ಬಡಿದರು.

"ಸೆಕ್ಕೋ" ಎಂದರು. ಅಂದರೆ ಪ್ಲಾಸ್ಟರು.

ಯಾರೂ ನಗಲಿಲ್ಲ. ಆ ದೇಶದಲ್ಲಿ ಡ್ಯೂಟಿಯಲ್ಲಿರುವವರು ನಗುವುದಿಲ್ಲ. ಪೊಲೀಸಿನವನ ಕಿವಿ ಮಾತ್ರ ಕೆಂಪಾಯಿತು. ಹಿರಿಯ ಅಧಿಕಾರಿ ಕಣ್ಣು ಹೊರಳಿಸಿ ಮೇಜಿನ ಮೇಲಿದ್ದ ಎರಡು ತಟ್ಟೆ ನೋಡಿದರು, ಎರಡು ಲೋಟ ನೋಡಿದರು. ಈಶ್ವರನನ್ನು ನೋಡಿದರು. ಕಡತವನ್ನು ಕಂಕುಳಲ್ಲಿ ಇರುಕಿಕೊಂಡರು. ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು ಮೆಲ್ಲಗೆ ಏನೋ ಹೇಳಿದರು.

"ವಿವರಣೆ ಬರೆದುಕೊಡಬೇಕಂತೆ" ಎಂದ ಶ್ರೀನಾಥ. ಅವನ ದನಿ ಇಳಿದಿತ್ತು. "ಜಲಜಾ ಫೈಲಿಗೆ ಸೇರಿಸ್ತಾರಂತೆ. ನಾನು ಡಿಕ್ಟೇಟ್ ಮಾಡ್ಲಾ?"

"ಬೇಡ ಭಾವ. ನನಗೆ ಬರುತ್ತೆ."

ನಿಜಕ್ಕೂ ಬರುತ್ತಿತ್ತು. ಅವನು ಮಕ್ಕಳ ಲಿಪಿಯಲ್ಲಿ, ಶ್ರಾವ್ಯಾಳ ಒಂದನೇ ಕ್ಲಾಸಿನ ಪು‌ಸ್ತಕದ ಹಾಗೆ ದಪ್ಪದಪ್ಪನಾಗಿ ಬರೆದ: ಗಿರಿಶಾ ಮನುಷ್ಯನಲ್ಲ. ಪ್ಲಾಸ್ಟರು. ನೀರು ಕೊಡುವುದಿಲ್ಲ. ಸುಮಿಮಾಸೆನ್. ನಾನು ಹಿತೊರಿ. ಕೊನೆಯ ಪದವನ್ನು, ಒಬ್ಬನೇ ಎಂಬುದನ್ನು, ಎಲ್ಲಕ್ಕಿಂತ ದಪ್ಪಗೆ ಬರೆದ. ನಾಲ್ಕು ತಿಂಗಳಿನಿಂದ ಹೆಂಡತಿಯ ಹತ್ತಿರ, ಆಫೀಸಿನವರ ಹತ್ತಿರ, ಚಿಕ್ಕಮ್ಮನ ಹತ್ತಿರ ತಪ್ಪಿಸಿಕೊಂಡು ಓಡಾಡಿದ ಪದವನ್ನು ಅವನು ಸರ್ಕಾರಕ್ಕೆ ಸಹಿ ಮಾಡಿ ಕೊಟ್ಟ.

ಸಂಜೆ ಜಲಜಾಳಿಗೆ ತಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದ. ಕ್ಯಾಮೆರಾ ತಿರುಗಿಸಿ ಗಿರೀಶನನ್ನು ತೋರಿಸಿದ. ಪಕ್ಕದಲ್ಲಿದ್ದ ಶ್ರಾವ್ಯಾ, "ಅಪ್ಪಾ! ಗಿರಿಶಾ ಅಂದ್ರೆ ಗ್ರೀಸ್! ಹಿರೋಸೆ-ಸೆನ್ಸೆಯ್ ಹತ್ರ ಇರೋ ಸ್ಟ್ಯಾಚ್ಯೂ ಅದು! ವೈ ಡಿಡಂಟ್ ಯು ಆಸ್ಕ್ ಮಿ?" ಎಂದು ಕಿರುಚಿದಳು. ಹಿಂದಿನಿಂದ, ಮಗು ನೋಡಲು ಬಂದಿದ್ದ ಕಾತ್ಯಾಯಿನಿ ಚಿಕ್ಕಮ್ಮನ "ಅಯ್ಯೋ ಶಿವನೇ" ಕೇಳಿಸಿತು. ಜಲಜಾ ಬಯ್ಯುತ್ತಾಳೆ ಎಂದು ಈಶ್ವರ ಕಾದ. ಅವಳು ಫೋನನ್ನು ಮುಖದ ಹತ್ತಿರ ತಂದುಕೊಂಡಳು.

"ಹಾಗಾದ್ರೆ ಇಷ್ಟು ದಿನಾನೂ ನೀವು ಒಬ್ರೇ ಊಟ ಮಾಡ್ತಿದ್ರಾ?"

"ಇಲ್ಲ ಕಣೆ" ಎಂದ ಈಶ್ವರ. "ಅವನ ಎದುರಿಗೆ ಕೂತ್ಕೊಂಡು ಮಾಡ್ತಿದ್ದೆ."

ಆಮೇಲೆ ಇಬ್ಬರೂ ಅತ್ತರು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಹಿರೋಸೆ-ಸಾನ್ ಎರಡು ವಾರಕ್ಕೆ ಬರಲಿಲ್ಲ, ಆರು ವಾರಕ್ಕೂ ಬರಲಿಲ್ಲ. ಆಸ್ಪತ್ರೆಗಳಲ್ಲಿ ಯಾರನ್ನೂ ಭೇಟಿಗೆ ಬಿಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವರ ಅಣ್ಣನ ಮಗಳು ಮನೆ ಖಾಲಿ ಮಾಡಲು ಬಂದಳು. ಈಶ್ವರನ ಬಾಗಿಲಿಗೂ ಬಂದು, ಮಾತಾಡಿ, ಫೋನಿನ ಅನುವಾದವನ್ನು ಮುಂದೆ ಹಿಡಿದಳು. ಪರದೆಯ ಮೇಲೆ ಬಂದ ಕನ್ನಡ ಅಂಕುಡೊಂಕಾಗಿತ್ತು: "ಚಿಕ್ಕಪ್ಪ ಮರಣಿಸಿದನು. ಕೊನೆಯ ದೂರವಾಣಿಯಲ್ಲಿ ಗ್ರೀಸ್ ಒಂಟಿಯಾಗಿದೆಯೇ ಎಂದು ಕೇಳಿದನು. ಭಾರತದ ಸಜ್ಜನರು ಇದ್ದಾರೆ ಎಂದು ನಾನು ಹೇಳಿದೆನು. ಅವನು ನಿರಾಳ." ಈಶ್ವರ ಅದನ್ನು ಎರಡು ಸಲ ಓದಿದ. ಆಕೆ ಬಾಗಿ, ದೊಡ್ಡ ಕಸ ಒಯ್ಯುವ ಗಾಡಿಯವರಿಗಾಗಿ ಅಂಟಿಸುವ ಚೀಟಿಯೊಂದನ್ನು ಕೊಟ್ಟಳು. ಇಷ್ಟು ದಿನ ತೊಂದರೆ ಕೊಟ್ಟೆವು, ಇನ್ನು ಬಿಸಾಡಿಬಿಡಿ ಎಂದು ಅದರ ಅರ್ಥ. "ಹಾಯ್" ಎಂದ ಈಶ್ವರ. ಹಾಯ್ ಎಂದರೆ ಕೇಳಿಸಿತು ಎಂದೂ ಆಗುತ್ತದೆ ಎಂಬುದನ್ನು ಅವನು ಅಷ್ಟರಲ್ಲಿ ಕಲಿತಿದ್ದ. ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟ.

ಜಲಜಾಳಿಗೆ ಒಪ್ಪಿಗೆ ಬಂತು. ತಿಂಗಳ ಕೊನೆಯಲ್ಲಿ ತಾಯಿ ಮಗಳು ಬಂದಿಳಿದರು; ಹೋಟೆಲಿನಲ್ಲಿ ಕೆಲವು ದಿನ ಕೂಡಿಹಾಕಿ, ಉಳಿದ ದಿನ ಮನೆಯಲ್ಲೇ ಇರಿ ಎಂದು ಕಳಿಸಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಜಲಜಾ ಮೊದಲು ಗಂಡನ ಮುಖ ನೋಡಿದಳು, ಆಮೇಲೆ ಒಳಕೋಣೆಯ ಗಿರೀಶನನ್ನು. ಅವನ ಕಾಲ ಬುಡದಲ್ಲಿ ತೂಗುತ್ತಿದ್ದ ಹಿರೋಸೆ-ಸಾನ್ ಕಾಗದವನ್ನು ನಿಂತುಕೊಂಡೇ ಓದಿದಳು. ಫ್ರಿಜ್ಜಿನ ಮೇಲಿದ್ದ ಕಸದ ಚೀಟಿಯನ್ನೂ ನೋಡಿದಳು. ನೇರ ಅಡಿಗೆಗೆ ನಿಂತಳು.

ಮರುದಿನ ಬೆಳಿಗ್ಗೆ ಆರೋಗ್ಯ ಇಲಾಖೆಯ ವಿಡಿಯೋ ಕರೆ ಬಂತು. ಮನೆಯಲ್ಲೇ ಇದ್ದಾರೋ, ಯಾರನ್ನಾದರೂ ಸೇರಿಸಿಕೊಂಡಿದ್ದಾರೋ ಎಂದು ದಿನಾ ವಿಚಾರಿಸುವ ಕ್ರಮ. ಮಾಸ್ಕ್ ಹಾಕಿದ ಹುಡುಗಿಯೊಬ್ಬಳು ಪರದೆಯ ಮೇಲೆ ಬಾಗಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಈ ಒಂದು ಪ್ರಶ್ನೆ ಜಲಜಾಳಿಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದಿಂದ ಹೋಟೆಲಿಗೆ ಊಟಕ್ಕೆ ಹೋದಾಗಲೆಲ್ಲ ಬಾಗಿಲಲ್ಲಿ ಕೇಳುವುದು ಇದನ್ನೇ, ಅವಳು ಮೂರು ಬೆರಳು ತೋರಿಸುವುದೂ ಮಾಮೂಲು.

ಈಶ್ವರ ಬಾಯಿ ತೆರೆಯುವಷ್ಟರಲ್ಲಿ ಜಲಜಾ ಕ್ಯಾಮೆರಾದ ಮುಂದೆ ಕೈ ಎತ್ತಿ ನಾಲ್ಕು ಬೆರಳು ತೋರಿಸಿದಳು.

ಪರದೆಯ ಹುಡುಗಿ ಕಡತ ತಿರುವಿದಳು, ಹುಬ್ಬು ಗಂಟಿಕ್ಕಿದಳು, ನಾಲ್ಕನೆಯವರು ಯಾರು ಎಂದಳು. ಜಲಜಾ ತಿರುಗಿ ಗಿರೀಶನ ಚಕ್ರದ ಮೇಲೆ ಒದ್ದೆ ಟವೆಲು ಒಣಹಾಕುತ್ತಿದ್ದಳು. ಈಶ್ವರ ನಿಟ್ಟುಸಿರು ಬಿಟ್ಟು, ಒಂದು ಖಾಲಿ ಹಾಳೆ ತೆಗೆದುಕೊಂಡು ಬರೆಯಲು ಕುಳಿತ.